ಯಾರದೋ ಕಣ್ಣು, ಯಾರದೋ ಹೆಸರು

"ಇಷ್ಟೇ ಮೇಡಂ. ಇನ್ಮುಂದೆ ಕಂಪ್ಯೂಟರ್ ಅಂದ್ರೆ ಇಷ್ಟೇ."

ಮೈಸೂರಿನಿಂದ ಬಂದಿದ್ದ ಎಂಜಿನಿಯರ್ ನನ್ನ ಅಂಗೈ ಮೇಲೆ ಇಟ್ಟದ್ದು ಒಂದು ಕಪ್ಪು ಡಬ್ಬಿ. ವಿಭೂತಿ ಗಟ್ಟಿಗಿಂತ ತುಸು ದೊಡ್ಡದು, ಅಂಗಿಯ ಜೇಬಿಗೆ ಸಲೀಸಾಗಿ ಇಳಿಯುವಂಥದ್ದು. ಮಾನಿಟರಿನ ತಂತಿಗೊಂದು ತೂತು, ಇಂಟರ್‌ನೆಟ್ಟಿಗೊಂದು, ಕೀಬೋರ್ಡು ಮೌಸುಗಳಿಗೆ ಎರಡು ಮೂರು. ಒಳಗೆ ಏನನ್ನೂ ಉಳಿಸಿಡಲು ಜಾಗವಿಲ್ಲ. ಗುಂಡಿ ಒತ್ತಿದರೆ ಅದು ಎಲ್ಲೋ ದೂರದಲ್ಲಿರುವ ಸರ್ವರ್ ಕಂಪ್ಯೂಟರನ್ನು ತಟ್ಟಿ ಎಬ್ಬಿಸಿ, ಅಲ್ಲಿ ನಡೆಯುವುದನ್ನು ನಮ್ಮ ಪರದೆಗೆ ತಂದು ತೋರಿಸುತ್ತದೆ. ಕೆಲಸವೆಲ್ಲ ಅಲ್ಲಿ, ಕಾಣುವುದು ಮಾತ್ರ ಇಲ್ಲಿ.

"ಅಲ್ಲಿ ಅಂದ್ರೆ ಎಲ್ಲಿ?" ಎಂದು ಕೇಳಿದೆ.

"ಕ್ಲೌಡಲ್ಲಿ ಮೇಡಂ."

"ಅದೇ, ಅದು ಎಲ್ಲಿ?"

ಆತ ನಕ್ಕ. ನನ್ನ ಅನುಮಾನ ಶುರುವಾದದ್ದು ಆ ನಗುವಿನಿಂದ.

ನಮ್ಮದು ಚಾಮರಾಜನಗರದ ಒಂದು ಟ್ರಸ್ಟಿನ ಕಣ್ಣಿನ ಆಸ್ಪತ್ರೆ. ಗುಂಡ್ಲುಪೇಟೆಯಲ್ಲಿ ಅದರದೊಂದು ಚಿಕ್ಕ ಶಾಖೆಯಿದೆ. ಎರಡೂ ಕಡೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಶಾಖೆಯಲ್ಲಿ ವೈದ್ಯರಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಬಂದರೆ ಅಲ್ಲಿನ ತಂತ್ರಜ್ಞೆ ವಿಶೇಷ ಕ್ಯಾಮೆರಾದಿಂದ ಅವರ ಕಣ್ಣಿನ ಹಿಂಬದಿಯ ಪರದೆಯ ಫೋಟೊ ತೆಗೆಯುತ್ತಾಳೆ. ಚಿತ್ರ ಚಾಮರಾಜನಗರಕ್ಕೆ ಬರುತ್ತದೆ. ನಮ್ಮ ಡಾಕ್ಟರಮ್ಮ ಅದನ್ನು ನೋಡಿ, ತೊಂದರೆಯಿದ್ದರೆ ರೋಗಿಯನ್ನು ಕರೆಸಿಕೊಳ್ಳುತ್ತಾರೆ. ಇಲ್ಲದಿದ್ದರೆ "ಚೆನ್ನಾಗಿದೆ, ಮುಂದಿನ ವರ್ಷ ಬನ್ನಿ" ಎಂದು ಹೇಳಿ ಕಳಿಸಲು ತಂತ್ರಜ್ಞೆಗೆ ತಿಳಿಸುತ್ತಾರೆ. ಆ ಒಂದು ಮಾತು ಕೇಳಲು ಕಾಡಂಚಿನ ಊರುಗಳಿಂದ ಜನ ಬಸ್ಸು ಹತ್ತಿ ಬರುತ್ತಾರೆ.

ಟ್ರಸ್ಟಿನ ಕಾರ್ಯದರ್ಶಿಗೆ ಡಬ್ಬಿಗಳ ಮೇಲೆ ಬಹಳ ಅಕ್ಕರೆ. ದೊಡ್ಡ ಕಂಪ್ಯೂಟರುಗಳು ಧೂಳು ತಿಂದು ಬಿಸಿಯಾಗಿ ಕೂಗುತ್ತಿದ್ದದ್ದು ನಿಜ, ಗುಂಡ್ಲುಪೇಟೆಯದಂತೂ ಕರೆಂಟು ಹೋಗಿಬಂದಾಗಲೆಲ್ಲ ಹಟ ಹಿಡಿಯುತ್ತಿತ್ತು. ಆದರೂ ನಾನು ಒಂದು ಡಬ್ಬಿಯನ್ನು ತಿರುಪು ಬಿಚ್ಚಿ ನೋಡಿದೆ. ಒಳಗೆ ಒಂದು ಹಸಿರು ಹಲಗೆ, ಅದರ ಮೇಲೆ ನಾಲ್ಕಾರು ಚಿಪ್. ನನ್ನ ಇಷ್ಟು ವರ್ಷದ ಕೆಲಸವೆಲ್ಲ ಕೆಟ್ಟದ್ದನ್ನು ಬಿಚ್ಚಿ, ಕೆಟ್ಟ ಜಾಗ ಹುಡುಕುವುದು. ಇದರಲ್ಲಿ ಕೆಡುವ ಜಾಗವೇ ನನ್ನ ಕೈಗೆ ಸಿಗದ ಕಡೆ ಇತ್ತು.

"ನಿಮ್ಗೆ ಕೆಲ್ಸ ಕಮ್ಮಿಯಾಗ್ತದಲ್ಲ, ಅದುಕ್ಕೇ ಹೊಟ್ಟೆಕಿಚ್ಚು," ಎಂದು ಕಾರ್ಯದರ್ಶಿ ತಮಾಷೆ ಮಾಡಿದರು. ನಾನೂ ನಕ್ಕೆ. ಹಳೆಯ ಯಂತ್ರಗಳನ್ನು ಗುಜರಿಯವನಿಗೆ ಕೊಡಿ ಎಂದಾಗ ಮಾತ್ರ ಇವತ್ತು ನಾಳೆ ಎನ್ನುತ್ತ ಸ್ಟೋರ್ ರೂಮಿನಲ್ಲಿ ಹೊದಿಸಿ ಇಟ್ಟೆ.

ಮೊದಲ ವಾರಗಳು ನನ್ನ ಅನುಮಾನಕ್ಕೆ ಮುಖಭಂಗ ಮಾಡುವಂತೆಯೇ ಕಳೆದವು. ಡಬ್ಬಿಗಳು ತಣ್ಣಗೆ, ಸದ್ದಿಲ್ಲದೆ ಕೆಲಸ ಮಾಡಿದವು. ಕರೆಂಟು ಹೋಗಿ ಬಂದರೆ ಬಿಟ್ಟ ಜಾಗದಿಂದಲೇ ಎದ್ದು ಕೂರುತ್ತಿದ್ದವು. ನೋಡಲು ಬರಲಿದ್ದ ದಾನಿಗಳಿಗೆ ತೋರಿಸಲು ಕಾರ್ಯದರ್ಶಿ ಒಂದು ಫಲಕವನ್ನೂ ಬರೆಸಿದ್ದರು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಡಾಕ್ಟರಮ್ಮ ನನ್ನನ್ನು ತಮ್ಮ ಕೋಣೆಗೆ ಕರೆದರು. ಒಳಗೆ ಒಬ್ಬ ಶಾಲಾ ಶಿಕ್ಷಕಿ ಕೂತಿದ್ದರು. ನಮ್ಮ ಚಾಮರಾಜನಗರದ ಕ್ಯಾಮೆರಾದಲ್ಲೇ ಅವರ ಫೋಟೊ ತೆಗೆದು ಕೆಲವು ವಾರಗಳಾಗಿದ್ದವು. ಶಾಲೆಗೆ ಹೊತ್ತಾಯಿತೆಂದು ಅವತ್ತು ಡಾಕ್ಟರಮ್ಮನಿಗೆ ತೋರಿಸದೆಯೇ ಹೊರಟಿದ್ದರು. ಬಲಗಣ್ಣಿನ ಚಿತ್ರದಲ್ಲಿ ರಕ್ತಸ್ರಾವ ಕಂಡು ಡಾಕ್ಟರಮ್ಮ ಆಗಲೇ ಫೋನು ಮಾಡಿಸಿದ್ದರು. ಶಿಕ್ಷಕಿ ಪರೀಕ್ಷೆಯ ಡ್ಯೂಟಿ ಮುಗಿಸಿ, ಅಂತೂ ಅವತ್ತು ಹೆದರಿಕೊಂಡೇ ಬಂದಿದ್ದರು.

"ಇದು ಅವತ್ತಿನ ಚಿತ್ರ," ಎಂದು ಡಾಕ್ಟರಮ್ಮ ಪರದೆ ತೋರಿಸಿದರು. ಕಿತ್ತಳೆ ಬಣ್ಣದ ದುಂಡು ಬಯಲು, ಅದರ ಮೇಲ್ಭಾಗದಲ್ಲಿ ಕುಂಕುಮ ಚೆಲ್ಲಿದ ಹಾಗೆ ರಕ್ತ. "ಈಗ ನಾನು ಲೆನ್ಸ್ ಹಿಡಿದು ಇವರ ಕಣ್ಣನ್ನೇ ನೋಡಿದೆ. ಮತ್ತೊಮ್ಮೆ ಫೋಟೊನೂ ತೆಗೆಸಿದೆ. ಏನೂ ಇಲ್ಲ. ಇಂಥ ರಕ್ತ ಇಷ್ಟು ಬೇಗ ಕಲೆಯಿಲ್ಲದೆ ಆರುವುದಿಲ್ಲ. ರಕ್ತನಾಳಗಳು ಕವಲೊಡೆಯೋ ರೀತಿನೇ ಬೇರೆ. ಇದು ಇವರ ಕಣ್ಣೇ ಅಲ್ಲ."

ಶಿಕ್ಷಕಿ ಸಮಾಧಾನದಿಂದ ಅತ್ತೇಬಿಟ್ಟರು. ಅವರು ಹೊರಗೆ ಹೋದ ಮೇಲೆ ಡಾಕ್ಟರಮ್ಮ ಬಾಗಿಲು ಮುಚ್ಚಿ ಹೇಳಿದರು: "ಇವರದ್ದಲ್ಲ ಅಂದ್ರೆ ಇನ್ನೊಬ್ಬರದ್ದು. ಅವರಿಗೆ ನಾನು ಚೆನ್ನಾಗಿದೆ ಅಂತ ಹೇಳಿ ಕಳಿಸಿರ್ತೀನಿ. ಅವರು ಎಲ್ಲಿದ್ದಾರೆ?"

ಮೊದಲು ಎಂಜಿನಿಯರಿಗೆ ಫೋನು ಮಾಡಿದೆ. "ಯೂಸರ್ ಎರರ್ ಮೇಡಂ. ಹಿಂದಿನ ಪೇಶೆಂಟ್ ಹೆಸರು ಬದಲಾಯಿಸದೇ ಫೋಟೊ ತೆಗ್ದಿರ್ತಾರೆ," ಎಂದ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು. ಅದು ನನಗೆ ಸರಿಬರಲಿಲ್ಲ. ಅಲ್ಲದೆ ಆ ದಿನ ನಮ್ಮಲ್ಲಿ ಫೋಟೊ ತೆಗೆಸಿಕೊಂಡ ಉಳಿದವರನ್ನೆಲ್ಲ ಡಾಕ್ಟರಮ್ಮ ಖುದ್ದಾಗಿ ಪರೀಕ್ಷಿಸಿದ್ದರು. ಯಾರ ಕಣ್ಣಲ್ಲೂ ರಕ್ತವಿರಲಿಲ್ಲ.

ನಾನು ಆ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತ ಕೂತೆ. ಕಣ್ಣಿನ ಶಾಸ್ತ್ರ ನನಗೆ ತಿಳಿಯದು. ಕ್ಯಾಮೆರಾ ತಿಳಿಯುತ್ತದೆ. ಚಿತ್ರದ ಕೆಳ ಅಂಚಿನಲ್ಲಿ ಸಾಸಿವೆ ಕಾಳಿನಂಥ ಒಂದು ಮಬ್ಬು ಚುಕ್ಕಿ ಇತ್ತು. ಅದು ಕಣ್ಣಿನದಲ್ಲ. ಲೆನ್ಸಿನ ಒಳಗೆ ಸೇರಿಕೊಂಡ ಧೂಳು. ಅಂಥ ಧೂಳು ಆ ಕ್ಯಾಮೆರಾ ತೆಗೆದ ಎಲ್ಲ ಚಿತ್ರಗಳಲ್ಲೂ ಅದೇ ಜಾಗದಲ್ಲಿ ಕಾಣುತ್ತದೆ. ನಮ್ಮ ಕ್ಯಾಮೆರಾದಲ್ಲಿ ಅದು ಇರಲಿಲ್ಲ. ಗುಂಡ್ಲುಪೇಟೆಯದರಲ್ಲಿ ಇತ್ತು. ಒರೆಸಿ ಒರೆಸಿ ಹೋಗದೆ, ಕಂಪನಿಗೆ ಕಳಿಸಬೇಕೆಂದು ನಾನೇ ಹೇಳಿ ಬಂದಿದ್ದೆ.

ಚಾಮರಾಜನಗರದ ಕುರ್ಚಿಯಲ್ಲಿ ಕೂತ ಶಿಕ್ಷಕಿಯ ಹೆಸರಿನಡಿ ಗುಂಡ್ಲುಪೇಟೆಯ ಕ್ಯಾಮೆರಾ ತೆಗೆದ ಕಣ್ಣು!

ಕಾರ್ಯದರ್ಶಿಗೆ ಹೇಳಿದಾಗ ಅವರ ಅನುಮಾನ ನೇರ ಅಲ್ಲಿನ ತಂತ್ರಜ್ಞೆಯ ಮೇಲೆ ಹೋಯಿತು. "ಆ ಹುಡುಗಿ ಕೆಲ್ಸ ಬಿಡ್ತೀನಿ ಅಂತಿದ್ಲು. ಬೇಕಂತಲೇ ಏನಾರ ಮಾಡ್ಬುಟ್ಟಿದ್ದಾಳಾ ವಿಚಾರಿಸಿ. ದಾನಿಗಳು ಬರೋ ಹೊತ್ತಲ್ಲಿ ಗಲಾಟೆ ಬ್ಯಾಡ." ನಾನು ಇಲ್ಲ ಎನ್ನಲಿಲ್ಲ. ಹೊಸ ಡಬ್ಬಿಯಲ್ಲಿ ಒಂದು ಊರಿನವಳಿಗೆ ಇನ್ನೊಂದು ಊರಿನ ರೋಗಿಯ ಹೆಸರು ಕಾಣುತ್ತದೆಯೇ, ಅದನ್ನು ತಿದ್ದಲು ಬರುತ್ತದೆಯೇ, ನನಗೆ ಖಾತ್ರಿಯಿರಲಿಲ್ಲ. ಮರುದಿನ ಬೆಳಿಗ್ಗೆ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಕೂತಾಗ ನನ್ನ ಅನುಮಾನದಲ್ಲಿ ಡಬ್ಬಿ, ಎಂಜಿನಿಯರ್, ತಂತ್ರಜ್ಞೆ ಮೂವರೂ ಇದ್ದರು.

ತಂತ್ರಜ್ಞೆ ಹತ್ತಿರದ ಹಂಗಳದವಳು. ಮದುವೆಯಾಗಿ ವರ್ಷವಾಗಿತ್ತು, ಗಂಡ ಬೈಕಿನಲ್ಲಿ ಬಿಟ್ಟುಹೋಗುತ್ತಿದ್ದ. ನಾನು ಸುತ್ತಿ ಬಳಸಿ ಮಾತಾಡುವುದನ್ನು ನೋಡಿ ಅವಳೇ ಕೇಳಿದಳು:

"ಯಾಕಕ್ಕ, ನನ್ ಮ್ಯಾಲೆ ಅನ್ಮಾನವಾ?"

"ಎಲ್ಲಾರ ಮೇಲೂ ಇದೆ," ಎಂದೆ. "ನೀನು ಒಂದು ಫೋಟೊ ತೆಗಿ. ಏನೇನು ಒತ್ತುತೀಯ, ನಾನು ನೋಡ್ಬೇಕು."

"ತೆಗೀತೀನಿ ಬುಡಿ. ನಿಮ್ ಕಣ್ಣೇ ಕೊಡಿ."

ನಾನು ಕ್ಯಾಮೆರಾದ ಮುಂದೆ ಗಲ್ಲ ಊರಿದೆ. ಅವಳು ನನ್ನ ಹೆಸರು ಬರೆದು, ಬಲಗಣ್ಣು ಎಂದು ಒತ್ತಿ, ಬೆಳಕು ಹಾರಿಸಿದಳು. ಸ್ವಲ್ಪ ಹೊತ್ತಿಗೆ ನನ್ನ ಕಣ್ಣು ನನ್ನ ಹೆಸರಿನಡಿ ಪರದೆಗೆ ಬಂತು, ಸಾಸಿವೆ ಚುಕ್ಕಿಯ ಸಮೇತ. ಚಾಮರಾಜನಗರದ ರೋಗಿಗಳ ಹೆಸರು ಅವಳ ಪರದೆಯಲ್ಲಿ ಎಲ್ಲಿಯೂ ಇರಲಿಲ್ಲ. ಬೇಕೆಂದರೂ ಅವಳಿಗೆ ಅದನ್ನು ಮುಟ್ಟಲು ಬರುತ್ತಿರಲಿಲ್ಲ. ಅವಳ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ಅದನ್ನು ಬಾಯಿ ಬಿಟ್ಟು ಹೇಳಿದೆ. ಅವಳು ಕ್ಯಾಮೆರಾದ ಗಲ್ಲದ ಪಟ್ಟಿ ಒರೆಸಿದಳು.

ಹಾಗಾದರೆ ಚಿತ್ರ ದಾರಿ ತಪ್ಪಿದ್ದು ಎಲ್ಲಿ? ಕ್ಯಾಮೆರಾಕ್ಕೂ ಪರದೆಗೂ ನಡುವೆ. ಅಂದರೆ ಆ 'ಅಲ್ಲಿ'. ನನಗೆ ಒಂದು ಯೋಚನೆ ಬಂತು. ಎರಡೂ ಊರಲ್ಲಿ ಒಂದೇ ಕ್ಷಣಕ್ಕೆ ಫೋಟೊ ತೆಗೆದರೆ?

ಚಾಮರಾಜನಗರಕ್ಕೆ ಫೋನು ಹಚ್ಚಿದೆ. ಅಲ್ಲಿ ನಮ್ಮ ರಿಸೆಪ್ಷನಿಸ್ಟು ಕ್ಯಾಮೆರಾದ ಮುಂದೆ ಕೂತಳು, ಡಾಕ್ಟರಮ್ಮ ಗುಂಡಿ ಒತ್ತಲು ನಿಂತರು. ಇಲ್ಲಿ ನಾನು. ಫೋನಿನಲ್ಲಿ "ಒತ್ತಿ" ಎಂದಾಗ ಎರಡೂ ಕಡೆ ಒತ್ತಬೇಕು. ಒತ್ತಿದರು. ನನ್ನ ಕಣ್ಣು ನನಗೆ, ಅವಳ ಕಣ್ಣು ಅವಳಿಗೆ. ಮತ್ತೆ ಒತ್ತಿದರು. ಸರಿಯಾಗಿಯೇ ಬಂತು. ಮತ್ತೆ ಮತ್ತೆ ಬೆಳಕು ಹಾರಿ ನನ್ನ ಕಣ್ಣಲ್ಲಿ ನೀರು ಬಂತೇ ಹೊರತು ತಪ್ಪು ಬರಲಿಲ್ಲ. ಎಂಜಿನಿಯರ್ ಹೇಳಿದ್ದೇ ಸರಿಯೇನೋ ಎಂಬ ಅಳುಕು ಶುರುವಾಯಿತು. ಊಟಕ್ಕೆ ಎದ್ದೆವು.

ಮಧ್ಯಾಹ್ನ ಇಂಟರ್‌ನೆಟ್ ಮಂದವಾಯಿತು. ಗುಂಡ್ಲುಪೇಟೆಯಲ್ಲಿ ಅದು ದಿನದ ಮಾತು. "ಈಗ ಫೋಟೊ ಬರಾಕೆ ಒಸಿ ತಡ ಆಯ್ತದೆ ಕಣಕ್ಕ," ಎಂದು ತಂತ್ರಜ್ಞೆ ಎದ್ದು ಹೋಗುವುದರಲ್ಲಿದ್ದಳು. ನಾನು ಅವಳನ್ನು ಮತ್ತೆ ಕೂರಿಸಿದೆ. ಮಂದವಾಗಿರುವಾಗಲೇ ನೋಡೋಣ.

"ಒತ್ತಿ."

ಬೆಳಕು ಹಾರಿತು. ಕಾದೆವು. ನನ್ನ ಹೆಸರಿನಡಿ ಒಂದು ಕಣ್ಣು ತೆರೆದುಕೊಂಡಿತು. ಸ್ವಚ್ಛವಾದ ಕೆಳ ಅಂಚು. ಚುಕ್ಕಿ ಇರಲಿಲ್ಲ.

ಫೋನಿನ ಆ ಕಡೆಯಿಂದ ಡಾಕ್ಟರಮ್ಮನ ದನಿ ಕೇಳಿತು: "ಇಲ್ಲಿ ಇವಳ ಹೆಸರಲ್ಲಿ ಚುಕ್ಕಿ ಇರೋ ಕಣ್ಣು ಬಂದಿದೆ."

ಸಿಕ್ಕಿತಲ್ಲ ಎಂಬ ಖುಷಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಇಷ್ಟು ವಾರಗಳಲ್ಲಿ ಇಂಟರ್‌ನೆಟ್ ಎಷ್ಟು ಸಲ ಮಂದವಾಗಿತ್ತು!

ಎರಡೂ ಕಡೆಯ ಸೆಟ್ಟಿಂಗುಗಳನ್ನು ತೆರೆದು ಹೋಲಿಸಿದೆ. ಆಗಿದ್ದಿಷ್ಟು. ಹಳೆಯ ದೊಡ್ಡ ಕಂಪ್ಯೂಟರಿದ್ದಾಗ ಕ್ಯಾಮೆರಾ ತೆಗೆದ ಚಿತ್ರ ಅದೇ ಕಂಪ್ಯೂಟರಿನ ಒಂದು ಫೋಲ್ಡರಿಗೆ ಬೀಳುತ್ತಿತ್ತು. ನಮ್ಮ ತಂತ್ರಾಂಶ ಆ ಫೋಲ್ಡರನ್ನು ಇಣುಕಿ, ಹೊಸದಾಗಿ ಬಿದ್ದ ಚಿತ್ರವನ್ನು ಎತ್ತಿಕೊಂಡು ಎದುರಿಗಿದ್ದ ರೋಗಿಯ ಹೆಸರಿಗೆ ಅಂಟಿಸುತ್ತಿತ್ತು. ಕಂಪ್ಯೂಟರ್ ಬೇರೆ ಬೇರೆ ಇದ್ದುದರಿಂದ ಫೋಲ್ಡರುಗಳೂ ಬೇರೆ ಬೇರೆ. ಹೊಸ ಏರ್ಪಾಡಿನಲ್ಲಿ ಎಂಜಿನಿಯರ್ ಒಂದು ಊರಿಗೆ ಸಿದ್ಧಮಾಡಿದ್ದನ್ನೇ ನಕಲು ಹೊಡೆದು ಇನ್ನೊಂದು ಊರಿಗೂ ಕೊಟ್ಟಿದ್ದ. ಡಬ್ಬಿ ಎರಡು, ಹೆಸರು ಎರಡು, ಹಿಂದೆ ಫೋಲ್ಡರ್ ಮಾತ್ರ ಒಂದೇ. ಎರಡು ಬಾಗಿಲಿನ ಒಂದೇ ಕೋಣೆ. ಗುಂಡ್ಲುಪೇಟೆಯ ಚಿತ್ರ ಮಂದಗತಿಯಲ್ಲಿ ದಾರಿಯಲ್ಲಿರುವಾಗ ಚಾಮರಾಜನಗರದ ಚಿತ್ರ ಮೊದಲು ಬಂದು ಬಿದ್ದರೆ, ಕಾಯುತ್ತಿದ್ದ ಗುಂಡ್ಲುಪೇಟೆ ಅದನ್ನೇ ಎತ್ತಿಕೊಳ್ಳುತ್ತಿತ್ತು. ಆಮೇಲೆ ಬಂದದ್ದು ಚಾಮರಾಜನಗರದ ಪಾಲು.

ಎಂಜಿನಿಯರಿಗೆ ಫೋನು ಮಾಡಿ ಇದನ್ನು ಹೇಳಲು ನಂಬರು ಒತ್ತಿದವಳು ತಡೆದೆ. ಹೇಳಿದರೆ ಆತ ಏನು ಮಾಡುತ್ತಾನೆ? ಮೈಸೂರಿನಲ್ಲಿ ಕೂತೇ ಆ ಫೋಲ್ಡರನ್ನು ಒರೆಸಿ, ಬೇರೆ ಮಾಡಿ, "ಎಲ್ಲಾ ಸರಿಯಿದೆ ಮೇಡಂ" ಎನ್ನಬಹುದು. ಸರಿಪಡಿಸುವ ಭರದಲ್ಲಿ ಬೆರೆತ ಚಿತ್ರಗಳೂ ಒರೆಸಿಹೋದರೆ ಆ ರಕ್ತದ ಕಣ್ಣಿನವರನ್ನು ಹುಡುಕುವುದು ಹೇಗೆ? ಆತ ಹಾಗೆ ಮಾಡುತ್ತಿದ್ದನೋ ಇಲ್ಲವೋ ಗೊತ್ತಿಲ್ಲ. ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮೊದಲು ಡಾಕ್ಟರಮ್ಮನ ಒಪ್ಪಿಗೆ ಕೇಳಿ, ಡಬ್ಬಿ ಬಂದಾಗಿನಿಂದ ತೆಗೆದ ಎಲ್ಲ ಚಿತ್ರಗಳನ್ನೂ ಹೆಸರುಗಳ ಸಮೇತ ಒಂದು ಡಿಸ್ಕಿಗೆ ಇಳಿಸಲು ಹಚ್ಚಿದೆ. ಆ ಮಂದಗತಿಯಲ್ಲಿ ಅದು ಮುಗಿಯುವಷ್ಟರಲ್ಲಿ ಬಿಸಿಲು ಇಳಿದಿತ್ತು. ಇಳಿದದ್ದು ಖಾತ್ರಿಯಾದ ಮೇಲೆ ಕಾರ್ಯದರ್ಶಿಗೆ ಫೋನು ಮಾಡಿದೆ.

"ಎರಡೂ ಕಡೆ ಫೋಟೊ ತೆಗೆಯೋದು ನಿಲ್ಲಿಸ್ಬೇಕು ಸಾರ್. ಈಗ್ಲೇ."

"ನಿಲ್ಸೋದಾ? ದಾನಿಗಳು ಬತ್ತಾ ಅವ್ರಲ್ಲ! ಅವ್ರು ಬಂದೋದ್ಮೇಲೆ ನೋಡನ. ಅಲ್ಲಿಗಂಟ ಎರಡು ಊರಲ್ಲೂ ಒಂದೇ ಹೊತ್ಗೆ ತೆಗೀಬ್ಯಾಡಿ ಅಂದ್ರಾಯ್ತು."

"ಯಾರು ಯಾವಾಗ ಒತ್ತುತಾರೆ ಅಂತ ಯಾರು ಕಾಯ್ತಾರೆ ಸಾರ್?"

ಅವರು ಯೋಚಿಸಿ ಹೇಳುತ್ತೇನೆಂದರು. ನಾನು ಕಾಯಲಿಲ್ಲ. ಮಾನಿಟರಿನ ಹಿಂದೆ ಕೈಹಾಕಿ ಡಬ್ಬಿಯನ್ನು ಕಿತ್ತು ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ತಂತ್ರಜ್ಞೆ ಕಣ್ಣರಳಿಸಿದಳು.

"ಅಕ್ಕ, ಸಾರ್ ಬಯ್ಯಾಕಿಲ್ವಾ?"

"ಬಯ್ಯಲಿ."

ಚಾಮರಾಜನಗರಕ್ಕೆ ಬಂದು ಕ್ಯಾಮೆರಾ ಕೋಣೆಯ ಡಬ್ಬಿಯನ್ನೂ ಕಿತ್ತೆ. ನನಗೆ ಅದಕ್ಕೆ ಅಧಿಕಾರ ಇತ್ತೇ ಎಂದು ಆಮೇಲೆ ಒಂದು ಸಭೆಯಲ್ಲಿ ಕೇಳಿದರು. ಬಹುಶಃ ಇರಲಿಲ್ಲ. ದೊಡ್ಡ ಕಂಪ್ಯೂಟರನ್ನಾದರೆ ಹೊತ್ತುಕೊಂಡು ಹೊರಡಲು ಇಬ್ಬರು ಬೇಕಿತ್ತು, ಬಾಗಿಲಲ್ಲಿ ಯಾರಾದರೂ ತಡೆಯುತ್ತಿದ್ದರು. ಇದು ಕರ್ಚೀಫಿನ ಪಕ್ಕ ಕೂತು ಸದ್ದಿಲ್ಲದೆ ಬಂತು.

ಮರುದಿನ ಬೆಳಿಗ್ಗೆ ಸ್ಟೋರ್ ರೂಮಿನ ಹಳೆಯ ಯಂತ್ರವೊಂದನ್ನು ಎಬ್ಬಿಸಿ, ಡಿಸ್ಕು ಸಿಕ್ಕಿಸಿ ಡಾಕ್ಟರಮ್ಮನ ಮುಂದಿಟ್ಟೆ. ಅವರ ಲೆಕ್ಕ ಸರಳವಾಗಿತ್ತು. ಚಿತ್ರಗಳು ಅದಲುಬದಲಾಗಿದ್ದರೆ, ಶಿಕ್ಷಕಿಯ ನಿಜವಾದ ಕಣ್ಣು ಗುಂಡ್ಲುಪೇಟೆಯ ಯಾರದೋ ಹೆಸರಿನಡಿ ಇರಬೇಕು. ಶಿಕ್ಷಕಿಯ ಹೊಸ ಚಿತ್ರ ಅವರ ಬಳಿ ಇತ್ತು. ರಕ್ತನಾಳಗಳ ಕವಲು ಬೆರಳಚ್ಚಿನಂತೆ, ಒಬ್ಬರದು ಇನ್ನೊಬ್ಬರಿಗಿಲ್ಲ. ಒಂದೊಂದನ್ನೇ ಪಕ್ಕಕ್ಕಿಟ್ಟು ನೋಡುತ್ತ ಹೋದವರು ಒಂದು ಕಡೆ ನಿಂತರು.

"ಇದೇ. ಈ ಹೆಸರಿನವರೇ ಆ ಕಣ್ಣಿನವರು."

ಕೆಳಗೆ ಅವರದೇ ಷರಾ ಇತ್ತು: ಎರಡೂ ಕಣ್ಣು ಚೆನ್ನಾಗಿವೆ. ಅವರು ಅದನ್ನು ಓದಿ ಕನ್ನಡಕ ತೆಗೆದಿಟ್ಟರು.

ಗಂಡಸು. ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಕಡೆಯ ಹಳ್ಳಿ. ಕೆಲಸ, ಚಾಲಕ. ಗುಂಡ್ಲುಪೇಟೆಯ ತರಕಾರಿಯನ್ನು ಪಿಕಪ್ ಗಾಡಿಯಲ್ಲಿ ಕಾಡಿನ ರಸ್ತೆಯ ಮೂಲಕ ಕೇರಳಕ್ಕೆ ಸಾಗಿಸುವವನು. ಫೋನು ಹಚ್ಚಿದರೆ ಸಂಪರ್ಕ ಸಿಗಲಿಲ್ಲ. ಕಣ್ಣಿನ ನಾಳ ಕಟ್ಟಿಕೊಂಡು ರಕ್ತ ಸೋರಿದೆ, ನೋಟದ ನಡುಭಾಗಕ್ಕೆ ನೀರು ತುಂಬುತ್ತಿದ್ದರೆ ಒಂದೊಂದು ದಿನವೂ ನಷ್ಟ ಎಂದು ಡಾಕ್ಟರಮ್ಮ ಹೇಳಿದರು. ನನಗೆ ಕಂಡದ್ದು ಆ ರಸ್ತೆ, ಎದುರಿನಿಂದ ಬರುವ ಲಾರಿ, ಪಕ್ಕದಲ್ಲಿ ಹಠಾತ್ತನೆ ಕಾಡಿನಿಂದ ಇಳಿಯುವ ಆನೆ.

ಆಸ್ಪತ್ರೆಯ ಜೀಪಿನಲ್ಲಿ ಗುಂಡ್ಲುಪೇಟೆಗೆ ಹೋಗಿ ತಂತ್ರಜ್ಞೆಯನ್ನು ಕೂರಿಸಿಕೊಂಡೆ. ಚಾಲಕನ ಮನೆಯಲ್ಲಿ ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದಳು. ನಾವು ಆಸ್ಪತ್ರೆಯವರು ಎಂದೊಡನೆ ಅವಳ ಮುಖ ಬಿಗಿಯಾಯಿತು.

"ಚೆಂದಾಗದೆ ಅಂದಿದ್ರಲ್ಲ ನೀವೇ. ಮತ್ಯಾಕ್ ಬಂದ್ರಿ?"

"ಇನ್ನೊಂದು ಸಲ ನೋಡ್ಬೇಕಾಗದೆ ಕಣಕ್ಕ. ಅಣ್ಣ ಎಲ್ಲಿ?" ಎಂದಳು ತಂತ್ರಜ್ಞೆ.

"ಬತ್ತೇರಿಗೆ ಟೊಮೇಟೊ ಒಯ್ದವ್ರೆ. ಗೇಟ್ ಹಾಕದ್ರೊಳ್ಗೆ ವಾಪಸ್ ಬತ್ತಾರೆ."

ಕೇರಳದ ಬತ್ತೇರಿಯಿಂದ ಕಾಡೊಳಗೆ ಬರುವ, ರಾತ್ರಿ ವಾಹನ ಬಿಡದ ರಸ್ತೆ ಅದು. ಬರುವವರೆಲ್ಲ ಮದ್ದೂರಿನ ಚೆಕ್‌ಪೋಸ್ಟ್ ದಾಟಲೇಬೇಕು. ನಾವು ಅಲ್ಲಿ ಹೋಗಿ ಕಾದೆವು. ಅರಣ್ಯ ಇಲಾಖೆಯ ಕಾವಲುಗಾರ ನಮ್ಮನ್ನು ಅನುಮಾನದಿಂದಲೇ ನೋಡಿ, ಕಡೆಗೆ ಕುರ್ಚಿ ಕೊಟ್ಟ. ಮಲಯಾಳಂ ಹಾಡು ಹಾಕಿಕೊಂಡ ಕಾರುಗಳು, ಶುಂಠಿ ಹೊಲದ ಕೂಲಿಯವರನ್ನು ತುಂಬಿಕೊಂಡ ಜೀಪುಗಳು ಹಾದುಹೋದವು. ಪ್ರತಿ ಪಿಕಪ್ ಬಂದಾಗಲೂ ತಂತ್ರಜ್ಞೆ ಎದ್ದು ನಿಂತು ನೋಡಿ ಕೂರುತ್ತಿದ್ದಳು. ಹೊತ್ತು ಇಳಿಯುತ್ತ ಬಂತು.

ಕೊನೆಗೆ ಖಾಲಿ ಕ್ರೇಟುಗಳ ಗಾಡಿಯೊಂದು ಗೇಟಿಗೆ ಬಂತು. "ಇವ್ರೇ ಅಕ್ಕ," ಎಂದಳು.

ನಲವತ್ತು ದಾಟಿದ, ಹೆಗಲ ಮೇಲೆ ಟವೆಲ್ ಹಾಕಿದ್ದ ಗಟ್ಟಿ ಆಳು. ವಿಷಯ ಕೇಳಿ ಅವನು ಕೆಳಗಿಳಿಯಲೇ ಇಲ್ಲ.

"ಓ, ನನ್ ಲೈಸನ್ಸ್ ಕಿತ್ಕೊಳಾಕೆ ಬಂದಿದ್ದೀರಾ? ಯಾರ್ ಏಳ್ಕೊಟ್ರು ನಿಮ್ಗೆ?"

"ಯಾರೂ ಅಲ್ಲ. ನಿಮ್ಮ ಫೋಟೊ ಬದಲಾಗಿತ್ತು. ಚೆನ್ನಾಗಿದೆ ಅಂತ ಹೇಳಿದ್ದು ಬೇರೆಯವರ ಕಣ್ಣು ನೋಡಿ," ಎಂದೆ. ಸುತ್ತಿ ಬಳಸುವ ಮಾತು ನನಗೆ ಹೊಳೆಯಲಿಲ್ಲ.

"ಅಂಗಾರೆ ಈಗ ಏಳ್ತಿರದು ಯಾರ್ ಕಣ್ಣು ನೋಡಿ? ಅವತ್ತಿಂದು ಸುಳ್ಳು ಅಂದ್ರೆ ಇವತ್ತಿಂದು ದಿಟ ಅಂತ ಎಂಗ್ ನಂಬನ?"

ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

"ನಮ್ಮನ್ನ ನಂಬಬ್ಯಾಡಿ ಬುಡಿ," ಎಂದೆ, ನನಗೇ ಗೊತ್ತಿಲ್ಲದೆ ಅವನ ಮಾತಿಗೆ ಇಳಿದು. "ಎಡಗಣ್ಣು ಮುಚ್ಕೊಳ್ಳಿ. ಬಲಗಣ್ಣಲ್ಲಿ ಆ ಗೇಟಿನ ಕಂಬ ನೋಡಿ. ಏನ್ ಕಾಣ್ತದೆ ನೀವೇ ಹೇಳಿ."

ಅವನು ನಗುತ್ತಲೇ ಅಂಗೈ ಎತ್ತಿ ಎಡಗಣ್ಣಿಗೆ ಇಟ್ಟುಕೊಂಡ. ಅಡ್ಡ ನಿಂತಿದ್ದ ಕೆಂಪು ಬಿಳಿ ಪಟ್ಟೆಯ ಕಂಬವನ್ನು ನೋಡಿದ. ನಗು ನಿಂತಿತು. ಕೈ ತೆಗೆದ. ಮತ್ತೆ ಇಟ್ಟುಕೊಂಡ.

"ಕಂಬ ಸೊಟ್ಟ ಕಾಣ್ತದಲ್ಲ," ಎಂದ ಮೆಲ್ಲಗೆ. "ಮಧ್ಯಕ್ಕೆ ಮಂಕು ಕವಿದಂಗೆ... ಇದ್ಯಾವಾಗ ಆಯ್ತು ಕಣಮ್ಮಿ?"

ತಂತ್ರಜ್ಞೆ ಹೇಳಿದಳು: "ಎರಡು ಕಣ್ಣೂ ಬುಟ್ಕೊಂಡಿದ್ರೆ ಗೊತ್ತಾಗಕಿಲ್ಲ ಅಣ್ಣ. ಒಂದು ಇನ್ನೊಂದರ ತಪ್ಪು ಮುಚ್ಕತದೆ."

ಅವನು ಗಾಡಿಯಿಂದಿಳಿದು ಬೀಗದ ಕೈಯನ್ನು ಹಿಂದಿನ ಗಾಡಿಯಲ್ಲಿ ಜೊತೆಗಾರನಾಗಿ ಬಂದಿದ್ದ ಇನ್ನೊಬ್ಬ ಚಾಲಕನ ಕೈಗೆ ಕೊಟ್ಟ. "ಮನೆ ತಾವ ನಿಲ್ಸ್‌ಬುಡ್ಲಾ. ಅವ್ಳಿಗೆ ಗಾಬ್ರಿ ಮಾಡ್ಬ್ಯಾಡ," ಎಂದಷ್ಟೇ ಹೇಳಿ ನಮ್ಮ ಜೀಪು ಹತ್ತಿದ. ದಾರಿಯುದ್ದಕ್ಕೂ ಒಂದು ಕಣ್ಣು ಮುಚ್ಚಿ ತೆಗೆದು, ಕರೆಂಟು ಕಂಬಗಳನ್ನು ನೋಡುತ್ತ ಕೂತಿದ್ದ.

ಡಾಕ್ಟರಮ್ಮ ಅಂದುಕೊಂಡಂತೆಯೇ ಆಗಿತ್ತು. ಕಣ್ಣಿಗೆ ಚುಚ್ಚುಮದ್ದು ಶುರುವಾಯಿತು. ಗಾಡಿ ಓಡಿಸಬೇಡ ಎಂದರು. ಉಳಿದವರನ್ನೂ ಒಬ್ಬೊಬ್ಬರಾಗಿ ಕರೆಸಿ ಮತ್ತೆ ನೋಡಿದೆವು. ಇನ್ನೂ ಕೆಲವರ ಚಿತ್ರಗಳು ಬೆರೆತಿದ್ದವು, ಪುಣ್ಯಕ್ಕೆ ಅವುಗಳಲ್ಲಿ ಇಂಥದ್ದಿರಲಿಲ್ಲ. ದಾನಿಗಳ ಭೇಟಿ ಮುಂದಕ್ಕೆ ಹೋಯಿತು. ಕಾರ್ಯದರ್ಶಿ ನನ್ನೊಡನೆ ಮಾತಾಡುವುದು ಕಡಿಮೆ ಮಾಡಿದರು. ಆದರೆ ಕರೆಸಿದವರ ಬಸ್ಸಿನ ಖರ್ಚು ಟ್ರಸ್ಟೇ ಕೊಡಲಿ ಎಂದು ಸಭೆಯಲ್ಲಿ ಪಟ್ಟು ಹಿಡಿದವರೂ ಅವರೇ. ತಂತ್ರಜ್ಞೆ ಕೆಲಸ ಬಿಡಲಿಲ್ಲ, ಬಿಡುವ ಮಾತನ್ನೂ ಹಿಂತೆಗೆದುಕೊಳ್ಳಲಿಲ್ಲ.

ಎಂಜಿನಿಯರ್ ಬಂದದ್ದು ಚಾಲಕ ಮುಂದಿನ ಚುಚ್ಚುಮದ್ದಿಗೆ ಬಂದ ದಿನವೇ. ನಾನು ಬೇಕೆಂದೇ ಹಾಗೆ ಬರಹೇಳಿದ್ದೆ. ಡಾಕ್ಟರಮ್ಮನ ಕೋಣೆಯ ಹೊರಗಿನ ಬೆಂಚಿನಲ್ಲಿ ಅವನನ್ನು ಚಾಲಕನ ಪಕ್ಕ ಕೂರಿಸಿ, ಸ್ವಲ್ಪ ಕಾಯಿರಿ ಎಂದೆ. ಚಾಲಕ ಅವನೂ ರೋಗಿ ಎಂದುಕೊಂಡ.

"ನಿಮ್ದು ಯಾವ್ ಕಣ್ಣು ಸಾರ್?" ಎಂದು ಕೇಳುವುದು ನನ್ನ ಕೋಣೆಗೆ ಕೇಳಿಸಿತು. ಎಂಜಿನಿಯರ್ ಏನೋ ತೊದಲಿದ. ಚಾಲಕ ತನ್ನ ಕತೆ ಹೇಳಿದ. ಕಂಪ್ಯೂಟರಲ್ಲಿ ಅದೇನೋ ಅದಲುಬದಲಾಯಿತಂತೆ, ತಾನು ಅದು ತಿಳಿಯದೆ ಅಷ್ಟು ದಿನ ಕಾಡೊಳಗೆ ಗಾಡಿ ಓಡಿಸಿದನಂತೆ. "ಅವತ್ತೇ ಏಳಿದ್ರೆ ಪೂರ್ತಿ ಉಳೀತಿತ್ತಾ ಅಂತ ಡಾಕ್ಟ್ರಮ್ಮುನ್ನ ಕೇಳ್ದೆ. ಜಾಸ್ತಿ ಉಳೀತಿತ್ತು ಅಂದ್ರು. ಸುಳ್ ಏಳ್ಲಿಲ್ಲ, ಅದೊಂದು ಸಮಾಧಾನ. ಈಗ ತರಕಾರಿ ಮಂಡಿಲಿ ಕ್ರೇಟ್ ಎಣಿಸ್ತೀನಿ. ಗಾಡಿ ಬಾಮೈದ ಓಡಿಸ್ತಾನೆ."

ಎಂಜಿನಿಯರ್ ಒಳಗೆ ಬಂದಾಗ ಮುಖ ಇಳಿದಿತ್ತು. ನನ್ನ ಮೇಜಿನ ಮೇಲೆ ಅವನ ಡಬ್ಬಿಗಳಿದ್ದವು. ಎರಡೂ ಊರಿನ ಫೋಲ್ಡರುಗಳನ್ನು ಬೇರೆ ಮಾಡಿದ್ದೇನೆ, ಇನ್ನು ಬೆರೆಯುವುದಿಲ್ಲ ಎಂದು ಸಣ್ಣ ದನಿಯಲ್ಲಿ ವಿವರಿಸಿದ. ಮಂದಗತಿಯ ಇಂಟರ್‌ನೆಟ್ಟಿನಲ್ಲೇ ಮತ್ತೆ ಮತ್ತೆ ಒತ್ತಿಸಿ ಪರೀಕ್ಷಿಸಿದೆ. ಬೆರೆಯಲಿಲ್ಲ. ಡಬ್ಬಿಯಲ್ಲಿ ದೋಷವಿರಲಿಲ್ಲ ಎಂದು ಒಪ್ಪಿಕೊಂಡೆ. ಆದರೂ ಕ್ಯಾಮೆರಾಗಳಿಗೆ ಹಳೆಯ ಕಂಪ್ಯೂಟರೇ ಇರಲಿ, ಡಬ್ಬಿಗಳು ಬಿಲ್ಲಿಂಗಿಗೂ ಚೀಟಿ ಕೊಡಲಿಕ್ಕೂ ಸಾಕು ಎಂದೆ. ಆತ ವಾದಿಸಲಿಲ್ಲ.

ಎದ್ದು ಹೊರಡುವವನಿದ್ದ. ಆಗ ನನಗೆ ಕೇಳಬೇಕೆನಿಸಿತು.

"ನೀವು ನಕಲು ಹೊಡೆದಿದ್ದು ನಮ್ಮ ಎರಡು ಊರಿಗೆ ಮಾತ್ರಾನಾ?"

ಆತ ಬಾಗಿಲ ಬಳಿ ನಿಂತ. ಈ ಸಲ ನಗಲಿಲ್ಲ.

"ಅದೇ ಟೆಂಪ್ಲೇಟು... ಬೇರೆ ಕಡೆನೂ ಹಾಕಿದ್ದೀವಿ ಮೇಡಂ."

"ಎಂಥಾ ಕಡೆ?"

"ಒಂದು ರಕ್ತ ಪರೀಕ್ಷೆ ಲ್ಯಾಬು. ಎರಡು ಬ್ರಾಂಚು ಅವ್ರದು. ಮತ್ತೆ ಒಂದು ಎಕ್ಸ್‌ರೇ ಸೆಂಟರು."

"ಅವ್ರಿಗೆ ಹೇಳಿದ್ದೀರಾ?"

"ನಮ್ಮ ಬಾಸ್ ಹತ್ರ ಕೇಳಿ..." ಎಂದು ಶುರು ಮಾಡಿದವನು ನಿಲ್ಲಿಸಿದ. ಹೊರಗೆ ಬೆಂಚಿನಲ್ಲಿ ಚಾಲಕ ಯಾರೊಡನೆಯೋ ಟೊಮೇಟೊ ಧಾರಣೆ ಮಾತಾಡುತ್ತಿದ್ದ. ಎಂಜಿನಿಯರ್ ವಾಪಸ್ ಬಂದು ನನ್ನೆದುರು ಕೂತ. ಜೇಬಿನಿಂದ ಫೋನು ತೆಗೆದ. ರಕ್ತ ಪರೀಕ್ಷೆ ಲ್ಯಾಬಿನ ನಂಬರು ಹುಡುಕಿ ಒತ್ತಿದ. ನಾನು ನೋಡುತ್ತಲೇ ಕೂತೆ, ಆ ಕಡೆಯವರು ಎತ್ತುವ ತನಕ ಕಣ್ಣು ಕದಲಿಸಲಿಲ್ಲ.

"ಸಾರ್, ನಮಸ್ಕಾರ," ಎಂದ. "ಇವತ್ತು ಯಾರಿಗೂ ರಿಪೋರ್ಟ್ ಕೊಡಬೇಡಿ. ನಾನು ಈಗ್ಲೇ ಹೊರಟು ಬರ್ತಾ ಇದ್ದೀನಿ."